ಶಾಖಾ ವ್ಯವಸ್ಥಾಪಕರ ಕೆಲಸದ ಅವಧಿ: ಸದಸ್ಯರಿಗೆ ಸೂಚನೆ

ಮಾನ್ಯ ಸದಸ್ಯರಿಗೆ ನಮಸ್ಕಾರ.

ಉಡುಪಿಯ ಕಾರ್ಪೊರೇಶನ್ ಬ್ಯಾಂಕ್ (1906) ಮತ್ತು ಸಿಂಡಿಕೇಟ್ ಬ್ಯಾಂಕ್ (1925), ಮಂಗಳೂರಿನ ವಿಜಯಾ ಬ್ಯಾಂಕ್ (1931) ಇವು 2019 ಮತ್ತು 2020ರಲ್ಲಿ ದೊಡ್ಡ ಬ್ಯಾಂಕುಗಳಲ್ಲಿ ವಿಲೀನಗೊಂಡ ಬಳಿಕ, ಶಾಖಾ ವ್ಯವಸ್ಥಾಪಕರಾದ ನಮ್ಮಲ್ಲಿ ಹಲವರ ಕೆಲಸದ ಹೊರೆ ಹೆಚ್ಚಿದ್ದನ್ನು ಈ ಬಳಗದಲ್ಲಿಯೇ ಅನೇಕ ಬಾರಿ ಹಂಚಿಕೊಂಡಿದ್ದೇವೆ. ಗುಮಾಸ್ತರಿಗೆ ಹೆಚ್ಚುವರಿ ಅವಧಿಗೆ ಭತ್ಯೆಯಿದೆ. ಅಧಿಕಾರಿಗಳಿಗೆ ಅದಿಲ್ಲದ ಕಾರಣ ನಮ್ಮ ದುಡಿಮೆಯ ಗಂಟೆಗಳು ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ. ಮೂಲ ತೊಂದರೆ ಇದೇ ಎಂಬುದು ನನ್ನ ಅಭಿಪ್ರಾಯ.

2015ರ ಸೆಪ್ಟೆಂಬರ್‌ನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆಯಿದೆ. ಬ್ಯಾಂಕುಗಳ ಸಂಘ ಮತ್ತು ನೌಕರ, ಅಧಿಕಾರಿ ಸಂಘಗಳ ನಡುವಿನ 2024ರ ಮಾರ್ಚ್ 8ರ ಒಪ್ಪಂದದಲ್ಲಿ, ಸರ್ಕಾರದ ಅನುಮೋದನೆಗೆ ಒಳಪಟ್ಟು, ಉಳಿದ ಶನಿವಾರಗಳ ರಜೆಗೂ ಒಪ್ಪಿಗೆ ದೊರೆಯಿತು. ಆದರೆ ರಜಾದಿನದಲ್ಲಿಯೇ ಪರಿಶೀಲನಾ ಸಭೆ ಕರೆದರೆ ಆ ರಜೆಗೆ ಅರ್ಥವೇನು? ತಿಜೋರಿಯ ಕೀಲಿ ಒಪ್ಪಿಸಲು ಇನ್ನೊಬ್ಬ ಅಧಿಕಾರಿಯೇ ಇಲ್ಲದ ಬೈಂದೂರು, ಕಾರ್ಕಳ ಕಡೆಯ ಸಣ್ಣ ಶಾಖೆಗಳಲ್ಲಿ, ಮನೆಯವರ ಅನಾರೋಗ್ಯದ ಸಮಯದಲ್ಲಿಯೂ ರಜೆ ಪಡೆಯಲಾಗದೆ ಉಳಿದವರ ಸಂಕಟವನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಆದ್ದರಿಂದ ಪ್ರತಿಯೊಬ್ಬರೂ ಈ ತಿಂಗಳು ಶಾಖೆ ತೆರೆದ ಮತ್ತು ಬಿಟ್ಟ ಸಮಯ, ರಜಾದಿನದ ಸಭೆಗಳು ಹಾಗೂ ನಿರಾಕರಿಸಲಾದ ರಜೆಗಳನ್ನು ಬರೆದಿಟ್ಟು, ತಿಂಗಳ ಕೊನೆಯೊಳಗೆ ನನಗೆ ವೈಯಕ್ತಿಕವಾಗಿ ಕಳುಹಿಸಬೇಕೆಂದು ಕೋರುತ್ತೇನೆ. ಗ್ರಾಹಕರ ವಿವರ ಸೇರಿಸಬೇಡಿ. ಬದಲಿ ಅಧಿಕಾರಿಯ ವ್ಯವಸ್ಥೆಯನ್ನೇ ಮೊದಲ ಬೇಡಿಕೆಯಾಗಿಸಿ, ಹೆಸರುಗಳಿಲ್ಲದ ಮನವಿಯನ್ನು ಅಧಿಕಾರಿಗಳ ಸಂಘಕ್ಕೆ ಒಪ್ಪಿಸಲಾಗುವುದು.