ಕೊಯ್ಲಾದ ಮೇಲಿನ ಹತ್ತು ದಿನ

ಮಾನ್ಯ ಸಂಪಾದಕರೇ,

ಹವಾಮಾನ ಬದಲಾವಣೆ, ಆಹಾರ ಭದ್ರತೆ ಎಂದೊಡನೆ ಚರ್ಚೆ ಬರ ತಡೆಯುವ ತಳಿ, ಹನಿ ನೀರಾವರಿ, ಬೆಳೆ ವಿಮೆಗಳತ್ತ ಹೊರಳುತ್ತದೆ. ಅವೆಲ್ಲ ಬೇಕು. ಆದರೆ ಕೊಯ್ಲಾದ ಮೇಲಿನ ಹತ್ತು ದಿನಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು. ಅದು ಅಕಾಲದಲ್ಲಿ ಮಳೆಯಾಗಿ ಸುರಿದರೆ ಕೊಯ್ದ ರಾಶಿಯ ಮೇಲೆಯೇ ಬೀಳುತ್ತದೆ.

ಶೇ 20ರಷ್ಟು ತೇವಾಂಶವಿರುವ ಒಂದು ಕ್ವಿಂಟಲ್ ಕಾಳನ್ನು ಕೆಡದಂತೆ ಕೂಡಿಡಲು ತಕ್ಕ ಶೇ 13ಕ್ಕೆ ಇಳಿಸಲು 8 ಕಿಲೋ ನೀರು ಹೊರಹೋಗಬೇಕು. ಮೋಡ ಕವಿದ ವಾರದಲ್ಲಿ ಇದು ಕಣದಲ್ಲಿ ಆಗುವ ಕೆಲಸವಲ್ಲ. ಹಸಿ ರಾಶಿಗೆ ಟಾರ್ಪಾಲಿನ್ ಹೊದಿಸಿ ಎರಡು ದಿನ ಬಿಟ್ಟು ಒಳಗೆ ಕೈ ಹಾಕಿ ನೋಡಿ, ಬೆಚ್ಚಗಿರುತ್ತದೆ. ಕಾಳು ಉಸಿರಾಡಿ ಶಾಖವನ್ನೂ ನೀರನ್ನೂ ಬಿಡುತ್ತದೆ, ಬೂಷ್ಟಿಗೆ ಅಷ್ಟೇ ಸಾಕು. ಮೆಕ್ಕೆಜೋಳ, ಶೇಂಗಾಗಳಲ್ಲಿ ಆಸ್ಪರ್ಜಿಲಸ್ ಬೂಷ್ಟು ಹುಟ್ಟಿಸುವ ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರ್ ತರುವ ವಿಷ. ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಬೂಷ್ಟು ಉಜ್ಜಿ ತೆಗೆದು ತಿನ್ನುವುದು ದೊಡ್ಡ ತಪ್ಪು.

ತೇವ ನೋಡುವ ಮೀಟರ್ ಇಲ್ಲದಿದ್ದರೆ ಉಪ್ಪಿದೆ. ಒಣಗಿದ ಗಾಜಿನ ಬಾಟಲಿಯ ಮೂರನೇ ಒಂದು ಭಾಗದಷ್ಟು ಕಾಳು, ಎರಡು ಚಮಚ ಒಣ ಪುಡಿಯುಪ್ಪು ಹಾಕಿ ಮುಚ್ಚಿ, ಒಂದು ನಿಮಿಷ ಅಲುಗಾಡಿಸಿ ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಶೇ 15ಕ್ಕಿಂತ ಹೆಚ್ಚಿದೆ, ಇನ್ನೂ ಒಣಗಿಸಬೇಕು. ಅಂಟದಿದ್ದರೂ ಅವಸರ ಬೇಡ, ಶೇ 13ಕ್ಕೆ ಇಳಿದಿದೆ ಎಂದು ಉಪ್ಪು ಹೇಳಲಾರದು. ಬರಿ ನೆಲದ ಮೇಲೆ ಹರಡಿದರೆ ಮಣ್ಣಿನ ತೇವ ಕಾಳಿಗೇರುತ್ತದೆ. ಹಾಸಿನ ಮೇಲೆ ನಾಲ್ಕೈದು ಸೆಂಟಿಮೀಟರ್ ದಪ್ಪ ಹರಡಿ, ಗಂಟೆಗೊಮ್ಮೆಯಾದರೂ ಕೈಯಾಡಿಸಬೇಕು.

ಗಾಳಿಯಾಡದ ಚೀಲಗಳು ನಿಜಕ್ಕೂ ಒಳ್ಳೆಯವು. ಒಳಗಿನ ಆಮ್ಲಜನಕ ಮುಗಿದಂತೆ ಹುಳು ಸಾಯುತ್ತವೆ, ಔಷಧಿ ಬೇಕಿಲ್ಲ. ಆದರೆ ಹಸಿ ಕಾಳು ತುಂಬಿದರೆ ಅದೇ ಚೀಲದಲ್ಲಿ ಕಾಳು ಹುಳಿತು ಹೋಗುತ್ತದೆ. ಬಿಸಿಲಿನಿಂದ ತಂದ ಕಾಳನ್ನು ಆರಿಸದೆ ಕಟ್ಟಿದರೂ ಮೇಲ್ಪದರದಲ್ಲಿ ನೀರು ಕೂರುತ್ತದೆ.

ಆದ್ದರಿಂದ ತಳಿಗಳಿಗೆ ಹಣ ಕೊಡುವ ಸರ್ಕಾರಗಳು ಕೊಯ್ಲಿಗೆ ಮೊದಲೇ ಪ್ರತಿ ಖರೀದಿ ಕೇಂದ್ರಕ್ಕೆ ತೇವಾಂಶ ಮೀಟರನ್ನೂ, ಹಳ್ಳಿಗಳ ನಡುವೆ ಓಡಾಡುವ ಒಣಗಿಸುವ ಯಂತ್ರವನ್ನೂ ಕೊಡಲಿ. ಜೊತೆಗೆ ನಡೆಸಲು ತರಬೇತಾದವರೂ ಇರಲಿ. ಏಕೆಂದರೆ ಬೀಜದ ಕಾಳನ್ನು 43 ಡಿಗ್ರಿಗಿಂತ ಹೆಚ್ಚು ಕಾಯಿಸಿದರೆ ಮರುವರ್ಷ ಅದು ಸರಿಯಾಗಿ ಮೊಳೆಯದೆ ಹೋಗಬಹುದು.

– ಧಾನ್ಯ ಸಂಗ್ರಹಣೆಯ ಕೆಲಸದಲ್ಲಿರುವವರು