ಈ ಮಳೆಗಾಲದಿಂದ ನಮ್ಮಲ್ಲಿ ಊರಿನ ಹೂಗಿಡಗಳು

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲೆ ನೀವು ಉಡುಪಿಯ ನಮ್ಮ ನರ್ಸರಿಗೆ ಬಂದರೆ ಗೇಟಿನ ಹತ್ತಿರ ಪೆಟೂನಿಯಾ, ಹೈಬ್ರಿಡ್ ಚೆಂಡುಹೂವಿನ ಕುಂಡಗಳು ಕಾಣುವುದಿಲ್ಲ. ಅವನ್ನು ತರಿಸುವುದು ನಿಲ್ಲಿಸಿದ್ದೇವೆ. ಆ ಜಾಗದಲ್ಲಿ ಜೇನು, ದುಂಬಿ, ಚಿಟ್ಟೆಗಳಿಗೆ ಬೇಕಾದ ನಮ್ಮೂರಿನ ಕೇಪಳ, ತುಂಬೆ, ನೆಕ್ಕರಿಕ, ಕರ್ಣಕುಂಡಲ ಇರುತ್ತವೆ. ಹಿತ್ತಲಲ್ಲಿ ತಾನಾಗೇ ಹುಟ್ಟುವ ಗಿಡಕ್ಕೆ ಯಾಕೆ ದುಡ್ಡು ಅನಿಸಬಹುದು. ಈಗ ಹಿತ್ತಲು ಎಷ್ಟು ಮನೆಗಿದೆ ಹೇಳಿ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಬಂದಿದೆ.

ಹೋದ ವರ್ಷ ನಿಮ್ಮಲ್ಲಿ ಹಲವರು ಒಂದೇ ಮಾತು ಹೇಳಿದಿರಿ: ಮಟ್ಟುಗುಳ್ಳದ (ನಮ್ಮ ಮಟ್ಟುವಿನ ಬದನೆ) ಗಿಡ ತುಂಬಾ ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ಗೊಬ್ಬರ, ಬಿಸಿಲು ಎಲ್ಲ ವಿಚಾರಿಸಿದೆವು. ದುಂಬಿ ಬರುತ್ತದಾ ಅಂತ ಕೇಳಲೇ ಇಲ್ಲ. ಗುಳ್ಳದ ಹೂವಿನ ಪರಾಗ ನಡುವಿನ ಹಳದಿ ಕೊಳವೆಗಳ ಒಳಗಿರುತ್ತದೆ, ತುದಿಯಲ್ಲಿ ಸಣ್ಣ ತೂತು ಮಾತ್ರ. ಚೆನ್ನಾಗಿ ಅದುರಿಸಿದರೆ ಹೊರಗೆ ಬರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಆ ವಿದ್ಯೆ ಗೊತ್ತಿಲ್ಲ. ನೀಲಿ ಪಟ್ಟೆಯ ದುಂಬಿಗೆ, ಮಾಡಿನ ಮರದ ಪಕ್ಕಾಸು ಕೊರೆಯುವ ದೊಡ್ಡ ಕಪ್ಪು ದುಂಬಿಗೆ ಗೊತ್ತಿದೆ. ಬೆಳಿಗ್ಗೆ ಗಿಡದ ಹತ್ತಿರ ಸುಮ್ನೆ ನಿಂತು ಕೇಳಿ. ದುಂಬಿ ಹಾರುವಾಗಿನ ಸದ್ದೇ ಬೇರೆ, ಹೂವಿಗೆ ಜೋತುಬಿದ್ದು ಝುಂಯ್ ಅನ್ನುವುದೇ ಬೇರೆ. ಆಗ ಪರಾಗ ಹಿಟ್ಟಿನ ಹಾಗೆ ಅದರ ಹೊಟ್ಟೆ ಮೇಲೆ ಉದುರುತ್ತದೆ.

ನೆಕ್ಕರಿಕದ ಹೂವಿನ ರಚನೆಯೂ ಹೀಗೇ. ಇದೇ ದುಂಬಿಗಳು ಅದಕ್ಕೂ ಬರುತ್ತವೆ. ಗುಳ್ಳ ಹೂ ಬಿಡುವ ಮೊದಲೇ ಪಕ್ಕದಲ್ಲಿ ಒಂದು ನೆಕ್ಕರಿಕ ಇರಲಿ. ಮಕ್ಕಳು ಹಣ್ಣು ತಿಂದು ನಾಲಿಗೆ ನೇರಳೆ ಮಾಡಿಕೊಳ್ಳಲಿ! ನೀಲಿ ಪಟ್ಟೆಯ ದುಂಬಿ ಮಣ್ಣಿನಲ್ಲಿ ಗೂಡು ಮಾಡುತ್ತದೆ, ಹಾಗಾಗಿ ಅಂಗಳದ ಒಂದು ಮೂಲೆಗಾದರೂ ಇಂಟರ್‌ಲಾಕ್ ಬೇಡ.

ನಮ್ಮ ಕಡೆ ಜೇನಿಗೆ ಕಷ್ಟಕಾಲ ಮಳೆಗಾಲ. ಸಾಕುವವರು ಸಕ್ಕರೆ ಪಾಕ ಕೊಟ್ಟು ಕಾಪಾಡುತ್ತಾರೆ, ಕಾಡಿನ ಜೇನಿಗೆ ಯಾರು ಕೊಡುತ್ತಾರೆ? ಆಟಿ ತಿಂಗಳ ಮಳೆ ಸ್ವಲ್ಪ ಹೊಳವಾದಾಗ ಹಾರಿ ಬರುವ ಜೇನಿಗೆ ನಾಲ್ಕು ಹೂವಾದರೂ ಸಿಗಲಿ ಅಂತ ತುಂಬೆ, ಕರ್ಣಕುಂಡಲ ಬೆಳೆಸಿದ್ದೇವೆ. ಇವು ಮಳೆಗಾಲದಲ್ಲಿ ಮಾತ್ರ ಸಿಗುತ್ತವೆ. ಆಮೇಲೆ ಒಣಗಿದರೆ ಕಿತ್ತು ಬಿಸಾಡಬೇಡಿ, ಬೀಜ ಅಲ್ಲೇ ಉದುರಲಿ. ಬೇಸಗೆಗೆ, ಜಾಗ ಇದ್ದವರಿಗೆ ರೆಂಜೆ, ಸುರಗಿ ಸಸಿ ಇವೆ. ಜಾಗ ಇಲ್ಲದವರು ಒಂದು ಕುಂಡದ ತುಳಸಿಯ ಕದಿರು ಚಿವುಟದೆ ಬಿಡಿ, ಚುಚ್ಚದ ಪುಟ್ಟ ಜೇನು ಮುಜಂಟಿ ಹುಡುಕಿಕೊಂಡು ಬರುತ್ತದೆ. ಮಲ್ಲಿಗೆ ಗಿಡ ಎಂದಿನಂತೆ ಸಿಗುತ್ತದೆ. ಆದರೆ ಮಲ್ಲಿಗೆಯನ್ನು ಮೊಗ್ಗಿನಲ್ಲೇ ಕೊಯ್ಯುತ್ತೇವೆ ಅಲ್ವಾ? ಜೊತೆಗೆ ಚಿಟ್ಟೆಗಳಿಗೆ ಒಂದು ಕೇಪಳವನ್ನೂ ಒಯ್ಯಿರಿ.

ಇನ್ನೊಂದು ವಿಷಯ. ಸಸಿಗಳಿಗೆ ಕೀಟನಾಶಕ ಹೊಡೆಯುವುದನ್ನೂ ಬಿಟ್ಟಿದ್ದೇವೆ. ಎಲೆಯಲ್ಲಿ ತೂತು ಜಾಸ್ತಿ ಕಾಣಬಹುದು. ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಏನಾದರೂ ಕಂಡರೆ ಒರೆಸುವ ಮೊದಲು ಹತ್ತಿರದಿಂದ ನೋಡಿ, ಚಿಟ್ಟೆಯ ಮರಿಹುಳ ಇರಬಹುದು.

ಪೆಟೂನಿಯಾಕ್ಕೆ ಮುಂಗಡ ಕೊಟ್ಟವರು ರಶೀದಿ ತನ್ನಿ. ಹಣ ವಾಪಸು ಬೇಕಾದರೆ ಹಣ, ಇಲ್ಲದಿದ್ದರೆ ಅಷ್ಟೇ ಬೆಲೆಯ ಬೇರೆ ಗಿಡ ಕೊಡುತ್ತೇವೆ.

ಇಂತಿ,
ನರ್ಸರಿ ಬಳಗ, ಉಡುಪಿ