ಮಾತ್ರೆ ಮುಗಿಯಿತು, ಋಣ ಮುಗಿದಿಲ್ಲ

ಈ ವಾರ ಡಾಕ್ಟರು "ಇನ್ನು ಮಾತ್ರೆ ನಿಲ್ಲಿಸಬಹುದು" ಅಂದರು. ಶ್ವಾಸಕೋಶದ ಸೋಂಕಿನ ಮಾತ್ರೆ ಅದು. ಕಫದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ನೆಗೆಟಿವ್ ಆದ ಮೇಲೂ 12 ತಿಂಗಳು ಬಿಡದೆ ನುಂಗಬೇಕಿತ್ತು. ಅದೂ ಮುಗಿಯಿತು.

ನನಗೆ ಬ್ರಾಂಕಿಯೆಕ್ಟಾಸಿಸ್ ಇದೆ. ಶ್ವಾಸನಾಳ ಹಿಗ್ಗಿ, ಕಫ ಅಲ್ಲೇ ನಿಲ್ಲುತ್ತದೆ. ನೀರಲ್ಲಿ, ಮಣ್ಣಲ್ಲಿ ಇರುವ ಎನ್‌ಟಿಎಂ (ನಾನ್-ಟ್ಯುಬರ್ಕ್ಯುಲಸ್ ಮೈಕೋಬ್ಯಾಕ್ಟೀರಿಯಾ) ರೋಗಾಣುಗಳು ಅಲ್ಲಿ ಬಿಡಾರ ಹೂಡಿದ್ದವು. ಇವು ಟಿಬಿ ರೋಗಾಣುವಿನ ಕುಟುಂಬದವೇ, ಆದರೆ ಟಿಬಿ ಅಲ್ಲ. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎರಡೂ ಒಂದೇ ಥರ ಕೆಂಪು ಕಡ್ಡಿಗಳು. ಎಷ್ಟೋ ಜನ ಇಲ್ಲೇ ದಾರಿ ತಪ್ಪಿ, ಸುಮ್ನೆ ಟಿಬಿ ಔಷಧಿ ತಿನ್ನುತ್ತಾರೆ.

ನಮ್ಮ ಡಾಕ್ಟರು ಅಲ್ಲಿಗೇ ಬಿಡಲಿಲ್ಲ. ಜೀನ್ ಪರೀಕ್ಷೆಯಲ್ಲಿ ಟಿಬಿ ಇಲ್ಲ ಅಂತ ಬಂದ ಕೂಡಲೇ ಕಲ್ಚರ್‌ಗೆ ಕಳಿಸಿದರು. ಅದರಲ್ಲಿ ರೋಗಾಣು ಬೆಳೆಯಲು ವಾರಗಟ್ಟಲೆ ಬೇಕು. ಒಂದು ಸ್ಯಾಂಪಲ್‌ನಲ್ಲಿ ಬಂದರೆ ಸಾಲದು ಅಂತ ಬೇರೆ ದಿನ ಮತ್ತೆ ತೆಗೆಸಿದರು. ಎರಡರಲ್ಲೂ ಏವಿಯಂ ಕಾಂಪ್ಲೆಕ್ಸ್ ಅನ್ನುವ ಎನ್‌ಟಿಎಂ ಗುಂಪೇ ಸಿಕ್ಕಿತು. ಡಾಕ್ಟರೇ, ಲ್ಯಾಬಿನವರೇ, ನಿಮ್ಮ ಆ ತಾಳ್ಮೆಯಿಂದಲೇ ನನಗೆ ಸರಿಯಾದ ಔಷಧಿ ಸಿಕ್ಕಿತು.

ಅಜಿತ್ರೋಮೈಸಿನ್, ರಿಫಾಂಪಿಸಿನ್, ಎಥಾಂಬ್ಯುಟಾಲ್. ಹೊಟ್ಟೆ ತೊಳಸುತ್ತಿತ್ತು, ಊಟ ಸೇರುತ್ತಿರಲಿಲ್ಲ. "ಮೂತ್ರ ಕಿತ್ತಳೆ ಬಣ್ಣಕ್ಕೆ ಬರುತ್ತದೆ, ಹೆದರಬೇಡಿ" ಅಂತ ಮೊದಲೇ ಹೇಳಿದ ನರ್ಸಮ್ಮನಿಗೆ ನಮಸ್ಕಾರ. ಎಥಾಂಬ್ಯುಟಾಲ್ ಕಣ್ಣಿಗೆ ತೊಂದರೆ ಮಾಡಬಹುದು ಅಂತ ಪ್ರತಿ ಸಲ ಬಣ್ಣದ ಚುಕ್ಕೆಗಳ ಪುಸ್ತಕ ಹಿಡಿದು, ಅದರೊಳಗಿನ ಅಂಕಿ ಓದಿಸುತ್ತಿದ್ದ ಕಣ್ಣಿನ ವಿಭಾಗದವರಿಗೂ.

ನನ್ನ ತಂಗಿಗೆ ಏನು ಹೇಳಲಿ? ಟಿಬಿ ಇರಬಹುದು ಅಂದಾಗ ಕೆಲವರು ಬರುವುದನ್ನೇ ಬಿಟ್ಟರು. ಎನ್‌ಟಿಎಂ ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಅಂತ ಗೊತ್ತಾದ ಮೇಲೂ ಅವರ ಹೆದರಿಕೆ ಹೋಗಲಿಲ್ಲ. ಅವಳು ಮಾತ್ರ ಒಬ್ಬೊಬ್ಬರಿಗೂ ಫೋನ್ ಮಾಡಿ ತಿಳಿಸಿ ಹೇಳಿದಳು. ನನಗೆ ಮಾತ್ರೆಗಿಂತ ಜಾಸ್ತಿ ಬಲ ಕೊಟ್ಟದ್ದು ಅದು.

ಕೊನೆಗೆ ಫಿಸಿಯೋಥೆರಪಿ ಮೇಡಂ. ಉಪ್ಪುನೀರಿನ ನೆಬುಲೈಸರ್ ಆದ ಮೇಲೆ ಉದ್ದಕ್ಕೆ ಉಸಿರೆಳೆದು, ಕನ್ನಡಿಗೆ ಹಬೆ ಬಿಡುವ ಹಾಗೆ "ಹಾ" ಅಂತ ಜೋರಾಗಿ ಬಿಡುವುದನ್ನು ಕಲಿಸಿದಿರಿ. ಕೆಮ್ಮಿ ಕೆಮ್ಮಿ ಸೋತಿದ್ದವಳಿಗೆ ಕಫ ಅಷ್ಟು ಸಲೀಸಾಗಿ ಬರುತ್ತದೆ ಅಂತಲೇ ಗೊತ್ತಿರಲಿಲ್ಲ. ಈ ಸೋಂಕು ಮರಳಿ ಬರಬಹುದು, ಕಫದ ಪರೀಕ್ಷೆ ಮುಂದೆಯೂ ಇದೆ. ದಿನಾ ಬೆಳಿಗ್ಗೆ ಆ ಅಭ್ಯಾಸ ನಡೆಯುತ್ತಲೇ ಇರುತ್ತದೆ ಮೇಡಂ.